ಕೈ ಹಿಂದೆ ಕಟ್ಟಿ ನಡೆಯುವವರು

೮ ಜನವರಿ ೨೦೨೪, ಪೂರಿಗಾಲಿ

ಬೆಳಿಗ್ಗೆ ಹಸುವಿಗೆ ಹುಲ್ಲು ಹಾಕುತ್ತಿದ್ದಾಗ ಮಳವಳ್ಳಿ ಕೋರ್ಟಿನ ಅಮೀನ ಬಂದು ಸಮನ್ಸು ಕೊಟ್ಟುಹೋದ. ಕೈ ತೊಳೆದು ಓದಿದೆ. ಅರ್ಥವಾಗಲಿಲ್ಲ ಅಂತಲ್ಲ, ನಂಬಿಕೆಯಾಗಲಿಲ್ಲ. ಅದಕ್ಕೇ ಇನ್ನೊಮ್ಮೆ ಓದಿದೆ. ಮದ್ದೂರಿನ ಶ್ವೇತ ಎಂಬುವಳು ನಮ್ಮ ಯತೀಶನ ಹೆಂಡತಿಯಂತೆ. ಮೂರು ವರ್ಷದ ಗಂಡು ಮಗುವಿದೆಯಂತೆ. ಅದು ಯತೀಶನದೇ ಎಂದು ಕೋರ್ಟು ಘೋಷಿಸಬೇಕಂತೆ. ಪ್ರತಿವಾದಿಗಳು ಹೊನ್ನಯ್ಯ, ಅಂದರೆ ನಾನು, ಮತ್ತು ನನ್ನ ಹೆಂಡತಿ ಚಿಕ್ಕಬೋರಮ್ಮ.

ಇದ್ದೊಬ್ಬ ಮಗ ಹೋಗಿ ಮೂರೂವರೆ ವರ್ಷವಾಯಿತು. ಮದ್ದೂರಿನ ಟ್ರ್ಯಾಕ್ಟರ್ ಶೋರೂಮಿನಲ್ಲಿ ಮೆಕ್ಯಾನಿಕ್ ಆಗಿದ್ದ. ಕೊರೋನಾ ವರ್ಷದ ಆಗಸ್ಟಿನಲ್ಲಿ ಹೆದ್ದಾರಿಯಲ್ಲಿ ಲಾರಿಯೊಂದು ಅವನ ಬೈಕಿಗೆ ಗುದ್ದಿತು. ನಮ್ಮ ಗದ್ದೆಯ ಅಂಚಿನ ತೆವರಿನಲ್ಲೇ ಮಣ್ಣು ಮಾಡಿದೆವು. ಆ ದಿನ ಬಂದಿದ್ದವರು ಬೆರಳೆಣಿಕೆಯ ಜನ, ಅವರಲ್ಲಿ ಯಾವ ಶ್ವೇತಳೂ ಇರಲಿಲ್ಲ. ಸತ್ತವನು ಎದ್ದುಬಂದು ಇಲ್ಲ ಅನ್ನಲಾರ ಎಂದು ಗೊತ್ತಾದ ಮೇಲೆ ಯಾರು ಏನು ಬೇಕಾದರೂ ಬರೆಸಬಹುದು.

"ಪಾಪ, ಯಾರೋ ಏನೋ. ಒಂದ್ಸಲ ಓಗಿ ನೋಡ್ಕಂಡು ಬರಾನ ಬನ್ನಿ" ಅಂದಳು ಇವಳು, ನನ್ನ ಚಿಕ್ಕಬೋರಮ್ಮ.

"ನೋಡಾದೇನ್ ಬಂತು? ಜಮೀನ್ಗೆ ಗಾಳ ಆಕವ್ಳೆ ಕಣಮ್ಮಿ" ಅಂದೆ.

ಯತೀಶ ನನ್ನ ಹಾಗೆಯೇ ಎರಡು ಕೈಯನ್ನೂ ಬೆನ್ನ ಹಿಂದೆ ಕಟ್ಟಿ, ತಲೆ ತುಸು ಮುಂದೆ ಹಾಕಿ ನಡೆಯುತ್ತಿದ್ದ. ಚಿಕ್ಕಂದಿನಿಂದಲೂ ಅಷ್ಟೆ. ಪಕ್ಕದ ಗದ್ದೆಯ ಕೆಂಪಸಿದ್ದಯ್ಯ ಅಷ್ಟು ದೂರದಿಂದಲೇ ಗುರುತು ಹಿಡಿದು, "ಒನ್ನಯ್ಯನ ಮಗ ಬತ್ತಾವ್ನೆ, ನಡ್ಗೆ ನೋಡ್ರುಲಾ" ಎಂದು ಕೂಗುತ್ತಿದ್ದ. ಅಂಥ ಮಗನ ಹೆಸರನ್ನು ದಾರಿಯಲ್ಲಿ ಹೋಗುವವರು ಎತ್ತಿಕೊಂಡು ಹೋಗಲು ನಾನು ಬಿಡುವುದಿಲ್ಲ.

೩೧ ಜನವರಿ

ಮಳವಳ್ಳಿ ಕೋರ್ಟು. ನಮ್ಮ ವಕೀಲರು ಪಾರ್ಥಸಾರಥಿ. ತಲೆ ಬೆಳ್ಳಗಾಗಿದೆ, ಮಾತು ಮಾತ್ರ ಇನ್ನೂ ಚುರುಕು. ಅವರು ಹೇಳಿದ್ದು ಇಷ್ಟು: ಮದುವೆಗೆ ನೋಂದಣಿ ಇಲ್ಲ, ಛತ್ರ ಇಲ್ಲ, ಲಗ್ನಪತ್ರಿಕೆ ಇಲ್ಲ. ಇರುವುದು ಒಂದೇ ಫೋಟೊ, ಮುತ್ತತ್ತಿ ಆಂಜನೇಯನ ಗುಡಿಯ ಮುಂದೆ ಇಬ್ಬರೂ ಹಾರ ಹಾಕಿಕೊಂಡು ನಿಂತದ್ದು. ಈಗಿನ ಕಾಲದಲ್ಲಿ ಮೊಬೈಲಿನಲ್ಲಿ ಹುಲಿಯ ಜೊತೆಗೂ ಫೋಟೊ ಮಾಡಿಕೊಳ್ಳಬಹುದು.

ಶ್ವೇತ ಅನ್ನುವವಳನ್ನು ನೋಡಿದೆ. ಸಣ್ಣಗಿದ್ದಾಳೆ, ಗಾರ್ಮೆಂಟ್ಸಿನಲ್ಲಿ ಹೊಲಿಗೆ ಕೆಲಸವಂತೆ. ವರಾಂಡದಲ್ಲಿ ನೇರ ನನ್ನ ಮುಂದೆಯೇ ಬಂದು ನಿಂತು, "ಚೆನ್ನಾಗಿದೀರಾ ಮಾವ?" ಅಂದಳು. ಮಾವ! ನಾನು ಗೋಡೆಯ ಕಡೆ ತಿರುಗಿಕೊಂಡೆ. "ಮೂರು ವರ್ಷ ಎಲ್ಲಿದ್ದರು ಈಯಮ್ಮ?" ಎಂದು ನಮ್ಮ ವಕೀಲರು ಒಳಗೆ ಕೇಳಿದ್ದಕ್ಕೆ, "ಮಗು ಕೈಗೂಸು ಸಾರ್. ಅಮ್ಮಂಗೂ ಹುಷಾರಿರಲಿಲ್ಲ. ಬಂದ್ರೆ ಆಸ್ತಿಗೆ ಬಂದ್ಲು ಅಂತಾರೆ ಅಂತ ಹೆದರಿಕೆ. ಈಗ ಸ್ಕೂಲಿಗೆ ಸೇರಿಸ್ಬೇಕು, ಅಪ್ಪನ ಹೆಸರು ಕೇಳ್ತಾರೆ. ನಂಗೆ ಹೊಲ ಮನೆ ಏನೂ ಬೇಡ, ಹೆಸರು ಬೇಕು" ಅಂದಳು. ಹೆಸರಿನ ಬೆನ್ನಿಗೇ ಹೊಲವೂ ಬರುತ್ತದೆ ಎಂದು ಪಾರ್ಥಸಾರಥಿ ನನ್ನ ಕಿವಿಯಲ್ಲಿ ಪಿಸುಗುಟ್ಟಿದರು.

ಮಗುವಿನ ಹೆಸರು ಅಪ್ಪು. ಇಡೀ ವರಾಂಡದಲ್ಲಿ ಕೈ ಬೀಸಿಕೊಂಡು ಓಡುತ್ತಿತ್ತು. ನೋಡಿದೆ, ಚೆನ್ನಾಗಿ ನೋಡಿದೆ. ಅದು ನಮ್ಮ ಮನೆಯ ನಡಿಗೆ ಅಲ್ಲವೇ ಅಲ್ಲ.

೨೮ ಫೆಬ್ರವರಿ

ಇವತ್ತು ನನ್ನ ಮೈಯೆಲ್ಲ ಉರಿದುಹೋಯಿತು. ಅವಳ ಕಡೆಯ ವಕೀಲೆ ನಯನ ಎಂಬ ಹುಡುಗಿ ಒಂದು ಅರ್ಜಿ ಹಾಕಿದಳು. ಡಿಎನ್‌ಎ ಪರೀಕ್ಷೆ ಆಗಬೇಕು, ಯತೀಶನನ್ನು ಹೂಳಿರುವುದರಿಂದ ಸಮಾಧಿ ತೆಗೆದು ಹಲ್ಲೋ ಮೂಳೆಯೋ ಸಿಕ್ಕರೆ ಸಾಕು ಅಂತ.

ಮೂರನೇ ದಿನ ಹಾಲು ತುಪ್ಪ ಬಿಟ್ಟು, ಇನ್ನು ತಣ್ಣಗಿರಪ್ಪ ಎಂದು ಹೇಳಿ ಬಂದ ಜಾಗ ಅದು. ಅದಕ್ಕೆ ಗುದ್ದಲಿ ಹಾಕಿಸುತ್ತಾರಂತೆ! ನಾನು ಎದ್ದು ನಿಂತೆ. "ಸ್ವಾಮಿ, ನನ್ ಮಗನ್ ಮಣ್ಣ್ ಮುಟ್ಬೇಡಿ. ರಕ್ತ ತಾನೆ ಬೇಕಾಗಿರಾದು? ನನ್ನದು ತಕ್ಕಳಿ. ನಂದೂ ಅವನ್ದೂ ಒಂದೇ" ಎಂದುಬಿಟ್ಟೆ. ಪಾರ್ಥಸಾರಥಿ ನನ್ನ ಅಂಗಿ ಹಿಡಿದು ಜಗ್ಗಿದರು. ಅಷ್ಟರಲ್ಲಿ ಜಡ್ಜ್ ತಲೆಯೆತ್ತಿ, "ಒಪ್ಪಿಗೆಯಿಂದ ಹೇಳ್ತಿದೀರಾ?" ಎಂದು ಕೇಳಿ ಬರೆದುಕೊಂಡಾಗಿತ್ತು.

ಹೊರಗೆ ಬಂದ ಮೇಲೆ ವಕೀಲರು ರೇಗಿದರು. "ನಿಮ್ಮನ್ನ ಯಾರು ಕೇಳಿದ್ರು ಹೊನ್ನಯ್ಯನೋರೆ? ಅರ್ಜಿಗೆ ನಾನು ತಕರಾರು ಹಾಕ್ತಿದ್ದೆ. ವರ್ಷಗಟ್ಟಲೆ ಎಳೀಬಹುದಿತ್ತು." ಎಳೆಯುವುದು ಯಾಕೆ? ಬ್ಲಫ್‌ನ ಕರೆಂಟುಮನೆಯಲ್ಲಿ, ಹೊಳೆ ನೀರಿನಿಂದ ಕರೆಂಟು ತೆಗೆಯುವ ಕಡೆ, ಆಪರೇಟರಾಗಿ ಪಾಳಿಗೆ ಪಾಳಿ ಮೀಟರು ನೋಡಿ ಲಾಗ್ ಬರೆದವನು ನಾನು. ಮಾತಿಗೆ ಮಾತು ಹೇಳುವವರನ್ನು ನಂಬಲಿಲ್ಲ, ಮೀಟರನ್ನು ನಂಬಿದೆ. ಒಂದು ಚುಚ್ಚು ಚುಚ್ಚಿದರೆ ಅವಳ ಸುಳ್ಳು ಹೊರಬೀಳುತ್ತದೆ.

ಮನೆಗೆ ಬಂದು ಹೇಳಿದಾಗ ಇವಳು ಮುದ್ದೆ ಕಟ್ಟುತ್ತಿದ್ದಳು. ಕೈ ಹಾಗೇ ನಿಂತಿತು. "ರಕ್ತ ಯಾಕ್ ಕೊಡಕೋದ್ರಿ?" ಅಂದಳು. ಸೂಜಿಗೆ ಹೆದರುವವಳು, ಅವಳ ಸ್ವಭಾವವೇ ಹಾಗೆ.

೨೨ ಮಾರ್ಚ್, ಮಂಡ್ಯ

ದೊಡ್ಡಾಸ್ಪತ್ರೆಯಲ್ಲಿ ರಕ್ತ ತೆಗೆದರು. ಕೋರ್ಟಿನ ಕಡೆಯ ಒಬ್ಬರು ಪಕ್ಕದಲ್ಲೇ ನಿಂತಿದ್ದರು. ಫೋಟೊ ಅಂಟಿಸಿ, ಸಹಿ ಹಾಕಿಸಿ, ದಪ್ಪ ಕಾಗದದ ಮೇಲೆ ರಕ್ತದ ಬೊಟ್ಟು ಇಳಿಸಿ, ಒಣಗಿಸಿ, ಲಕೋಟೆಗೆ ಹಾಕಿ ಅರಗಿನ ಮುದ್ರೆ ಒತ್ತಿದರು. ಬೆಂಗಳೂರಿನ ಪ್ರಯೋಗಾಲಯಕ್ಕೆ ಹೋಗುತ್ತದೆ. ಡಾಕ್ಟರು ತಾಳ್ಮೆಯಿಂದ ಬಿಡಿಸಿ ಹೇಳಿದರು: ಗಂಡಸಿನಿಂದ ಗಂಡು ಮಗುವಿಗೆ ಮಾತ್ರ ಇಳಿಯುವ ಒಂದು ಎಳೆಯಿದೆ, ವೈ ಅಂತ. ಅಪ್ಪನಿಂದ ಮಗನಿಗೆ, ಮಗನಿಂದ ಮೊಮ್ಮಗನಿಗೆ ಹೆಚ್ಚುಕಡಿಮೆ ಬದಲಾಗದೆ ಬರುತ್ತದೆ. ಮಗ ಇಲ್ಲದಿದ್ದರೂ ತಾತನದೂ ಮೊಮ್ಮಗನದೂ ತಾಳೆ ನೋಡಿದರೆ ಗೊತ್ತಾಗುತ್ತದೆ. ಎಷ್ಟು ಸೊಗಸಾದ ಏರ್ಪಾಡು ಅನ್ನಿಸಿತು.

ಅಪ್ಪು ಸೂಜಿ ಕಂಡು ಆಸ್ಪತ್ರೆಯೇ ಕಿತ್ತುಹೋಗುವಂತೆ ಕಿರುಚಿತು. ತಾಯಿ ಸಮಾಧಾನ ಮಾಡಿ ಸೋತಳು. ನನ್ನ ತಲೆ ಸಿಡಿಯುತ್ತಿತ್ತು, ಅದಕ್ಕೇ ಮುಂದೆ ಹೋಗಿ, "ನೋಡ್ಲಾ ಇಲ್ಲಿ, ಮೊದ್ಲು ನಂಗೇ ಚುಚ್ತಾರೆ. ಅಳ್ತೀನಾ ನೋಡು" ಎಂದು ಕೈ ಚಾಚಿದೆ. ಅದು ಬಿಕ್ಕುತ್ತಲೇ ನೋಡಿತು. ಚುಚ್ಚಿ ಆದ ಮೇಲೆ ನನ್ನ ಬೆರಳು ಹಿಡಿದು ಉಫ್ ಉಫ್ ಎಂದು ಊದಿತು. ಆಮೇಲೆ ತನ್ನ ಬೆರಳು ಕೊಟ್ಟಿತು.

ಗದ್ದಲ ನಿಲ್ಲಲಿ ಎಂದು ಮಾಡಿದ್ದೇ ಹೊರತು ಬೇರೆ ಅರ್ಥವಿಲ್ಲ.

೧೦ ಏಪ್ರಿಲ್

ಯುಗಾದಿಯ ಮಾರನೇ ದಿನ, ಹೊಸತೊಡಕು. ಬೆಸಗರಹಳ್ಳಿಯಿಂದ ನಾದಿನಿ ಸಣ್ಣತಾಯಮ್ಮ, ಅವಳ ಗಂಡ ಪುಟ್ಟಮಾದಯ್ಯ ಬಂದಿದ್ದರು. ಬಾಡೂಟ ಗಡದ್ದಾಗಿತ್ತು. ಊಟಕ್ಕೆ ಮುಂಚೆ ಸಣ್ಣತಾಯಮ್ಮ ಯತೀಶನ ಫೋಟೊ ಮುಂದೆ ನಿಂತು ಕಣ್ಣು ಒರೆಸಿಕೊಂಡಳು, ಯಾವಾಗ ಬಂದರೂ ಅಷ್ಟೆ. ಆಮೇಲೆ ಅಕ್ಕತಂಗಿಯರಿಬ್ಬರೂ ಹಿತ್ತಿಲಿನಲ್ಲಿ ಕೂತು ಪಿಸಪಿಸ. ನಾನು ಹೋದೊಡನೆ ಸುಮ್ಮನಾದರು. "ಏನಮ್ಮಿ ಅಂತಾ ಗುಟ್ಟು?" ಅಂದರೆ ಇವಳು, "ಆ ರಕ್ತದ್ ಇಚಾರ" ಅಂದಳು. "ರಕ್ತದ್ ಇಚಾರ ಲ್ಯಾಬಿನೋರು ನೋಡ್ಕತಾರೆ, ನೀನು ಬಾಡು ಸೀದೋಗ್ದಂಗೆ ನೋಡ್ಕ" ಎಂದು ಗದರಿದೆ. ಪುಟ್ಟಮಾದಯ್ಯ ಎಲೆ ಅಡಿಕೆ ಹಾಕಿಕೊಂಡು ಹೊಲದ ಕಡೆ ಹೊರಟುಹೋದ.

೧೯ ಜೂನ್

ಕೋರ್ಟು. ವರದಿ ಬಂದಿಲ್ಲ. ಬರೀ ದಿನಾಂಕ ಕೊಟ್ಟು ಕಳಿಸುವುದಕ್ಕೆ ಕರೆಸುತ್ತಾರೆ.

ಬೇವಿನ ಮರದ ಕೆಳಗಿನ ಬೆಂಚಿನಲ್ಲಿ ಕೂತಿದ್ದೆ. ಅಪ್ಪು ಬಂದು ಪಕ್ಕದಲ್ಲೇ ಹತ್ತಿ ಕೂತ. "ತಾತ, ಬೆಳ್ಳು ನೋಯ್ತದಾ?" ಎಂದು ನನ್ನ ಕೈ ಹಿಡಿದು ನೋಡಿದ. ಮಾರ್ಚಿನ ಚುಚ್ಚು ಇವನಿಗೆ ಇನ್ನೂ ನೆನಪಿದೆ. ಬಿಳಿ ಮೀಸೆ ಇದ್ದವರನ್ನೆಲ್ಲ ಮಕ್ಕಳು ತಾತ ಅನ್ನುತ್ತವೆ, ಅದರಲ್ಲಿ ವಿಶೇಷವಿಲ್ಲ. ಜೇಬಿನಲ್ಲಿ ಕಡ್ಲೆಪುರಿ ಇತ್ತು, ಕೊಟ್ಟೆ. ಬಿದ್ದಿದ್ದ ತೆಂಗಿನ ಗರಿಯಲ್ಲಿ ಒಂದು ಗಿರಗಿಟ್ಲೆ ಮಾಡಿಕೊಟ್ಟೆ. ಗಾಳಿಗೆ ಹಿಡಿದರೆ ತಿರುಗುತ್ತದೆ, ನೀರಿಗೆ ಹಿಡಿದರೆ ಕರೆಂಟು ಬರುತ್ತದೆ ಅಂದೆ. ನಲ್ಲಿಯ ಹತ್ತಿರ ಹಿಡಿದುಕೊಂಡು ಹೋಗಿ ಪೂರ್ತಿ ಒದ್ದೆಯಾಗಿ ಬಂದು, "ತಾತ, ಕರೆಂಟ್ ಬರ್ಲಿಲ್ಲ" ಅಂದ. ಜಗಳಕ್ಕೆ ನಿಂತವನ ಹಾಗೆ ಸೊಂಟಕ್ಕೆ ಕೈ ಬೇರೆ. ನಾನು ನಕ್ಕುಬಿಟ್ಟೆ. ಇಷ್ಟು ಗಟ್ಟಿಯಾಗಿ ನಕ್ಕು ಯಾವ ಕಾಲವಾಗಿತ್ತೋ.

ಶ್ವೇತ ದೂರದಲ್ಲಿ ನಿಂತು ನೋಡುತ್ತಿದ್ದಳು. ಹತ್ತಿರ ಬರಲಿಲ್ಲ. ಮಗುವನ್ನು ಚೆನ್ನಾಗಿ ಸಾಕಿದ್ದಾಳೆ, ಅಷ್ಟನ್ನು ಹೇಳಲೇಬೇಕು. ಕೊಡುವ ಮೊದಲು ಕೈ ಚಾಚುವುದಿಲ್ಲ.

ಕಿವಿಯ ತುದಿ ಯತೀಶನ ಹಾಗೆ ಸ್ವಲ್ಪ ಮಡಚಿದೆ. ಅಂಥ ಕಿವಿ ಊರಿನಲ್ಲಿ ಬೇಕಾದಷ್ಟು ಜನಕ್ಕೆ ಇರುತ್ತದೆ.

೧೦ ಜುಲೈ

ಕೋರ್ಟು. ವರದಿ ಇಲ್ಲ. ಮಗುವಿಗೆ ಜ್ವರವಂತೆ, ಕರೆತಂದಿರಲಿಲ್ಲ. ಟೀ ಅಂಗಡಿಯವನು ಟೀಗೆ ಸಕ್ಕರೆ ಜಾಸ್ತಿ ಹಾಕಿದ್ದ, ಅವನಿಗೆ ಸರಿಯಾಗಿ ಬೈದು ಬಂದೆ. ತಂದಿದ್ದ ಕಡ್ಲೆಪುರಿಯನ್ನು ಹಸುವಿಗೆ ಹಾಕಿದೆ.

೨೯ ಜುಲೈ

ಹೊಳೆ ತುಂಬಿ ಬಂದಿದೆ. ಬ್ಲಫ್ ಕಡೆ ನೀರು ನೋಡಲು ಜನವೋ ಜನ. ಆ ಟರ್ಬೈನು ತಿರುಗುವುದನ್ನು ಮಕ್ಕಳಿಗೆ ತೋರಿಸಬೇಕು. ಒಳಗೆ ಬಿಡುವುದಿಲ್ಲ, ಆದರೂ ನನ್ನ ಹಳೆಯ ಪರಿಚಯದವರು ಯಾರಾದರೂ ಇದ್ದರೆ ಕೇಳಿ ನೋಡಬಹುದು. ಯಾವ ಮಕ್ಕಳಿಗೆ ಅಂದರೆ, ಸುಮ್ಮನೆ, ಯಾವುದಾದರೂ ಮಕ್ಕಳಿಗೆ.

೧೨ ಆಗಸ್ಟ್

ವರದಿ ಬಂತು. ತಾಳೆಯಾಗಿಲ್ಲ.

ಪಾರ್ಥಸಾರಥಿಯೇ ಫೋನು ಮಾಡಿದರು. ನಗು ಫೋನಿನಿಂದ ಉಕ್ಕಿ ಹೊರಗೆ ಬರುತ್ತಿತ್ತು. "ಹೊನ್ನಯ್ಯನೋರೆ, ನಿಮ್ಮ ಆ ದಿನದ ಹುಚ್ಚು ಧೈರ್ಯವೇ ಕೇಸು ಗೆಲ್ಲಿಸ್ತು. ಒಂದೆರಡು ಕಡೆ ಅಲ್ಲ, ಎಷ್ಟೋ ಕಡೆ ಹೊಂದಿಲ್ಲ. ಇನ್ನು ಆ ಪ್ರಯೋಗಾಲಯದವರು ಬಂದು ಸಾಕ್ಷಿ ಹೇಳಿದರೆ ಮುಗೀತು." ಒಳ್ಳೆಯದು ಅಂದೆ.

ಗೆದ್ದಿದ್ದೇನೆ. ಮುದ್ದೆಯನ್ನು ತಟ್ಟೆಯಲ್ಲೇ ಬಿಟ್ಟು ಎದ್ದೆ. ಸಾರು ಉಪ್ಪಾಗಿತ್ತು ಅಂತ ಇವಳಿಗೆ ಹೇಳಿದೆ. ಸಾರು ಉಪ್ಪಾಗಿರಲಿಲ್ಲ. ನನಗೆ ಬೇಕಾಗಿದ್ದದ್ದು ಈ ಉತ್ತರವಲ್ಲ. ಇದನ್ನು ಇಲ್ಲಿ ಬಿಟ್ಟರೆ ಎಲ್ಲಿ ಹೇಳಲಿ?

೧೩ ಆಗಸ್ಟ್

ಬೆಳಿಗ್ಗೆ ಜಗಲಿಯ ಮೇಲೆ ಕೂತು, ಆ ಹುಡುಗಿ ಎಂಥ ಸುಳ್ಳಿ ನೋಡು ಎಂದು ಇವಳಿಗೆ ಹೇಳಲು ಶುರುಮಾಡಿದೆ. ಚಿಕ್ಕಬೋರಮ್ಮ ಪೊರಕೆ ಕೆಳಗಿಟ್ಟು ನನ್ನ ಎದುರಿಗೆ ಬಂದು ಕೂತಳು.

"ಅವ್ಳು ಸುಳ್ ಯೋಳಿಲ್ಲ ಕಣ್ರೀ. ನಿಮ್ ರಕ್ತ ಆ ಮಗೀನಲ್ಲಿ ಎಂಗ್ ಸಿಕ್ಕಾತು? ಯತೀಸ ನಿಮ್ ರಕ್ತದಾಗೆ ಎಲ್ಲವ್ನೆ?"

ನನಗೆ ತಕ್ಷಣ ಅರ್ಥವಾಗಲಿಲ್ಲ. ದೇವರಾಣೆ ಅರ್ಥವಾಗಲಿಲ್ಲ.

"ಸಣ್ಣತಾಯಿ ಎತ್ತಿದ್ದು. ನಮ್ಮವ್ವನ ಮನೇಲಿ ಎತ್ತು ನನ್ ಮಡ್ಲಿಗ್ ಆಕಿದ್ದು. ನೀವೇ ಅಲ್ವರಾ ಬ್ಲಫ್‌ನಿಂದ ರಜಾ ಆಕ್ಕಂಡ್ ಬಂದು ಎತ್ಕಂಡೋಗಿದ್ದು?"

ಹೌದು. ನಮಗೆ ಮಕ್ಕಳಾಗಲಿಲ್ಲ, ಸಣ್ಣತಾಯಮ್ಮನಿಗೆ ಸಾಲಾಗಿ ಗಂಡುಮಕ್ಕಳಿದ್ದವು. ಯತೀಶನನ್ನು ಅವಳು ಹೆರುವ ಮೊದಲೇ ನಮಗೆ ಕೊಡುವ ಮಾತಾಗಿತ್ತು. ಹೊರಗಿನವರ ಕಣ್ಣಿಗೆ, ಹೆರಿಗೆಗೆಂದು ತವರಿಗೆ ಹೋದ ಹೆಂಡತಿ ಬಾಣಂತನ ಮುಗಿಸಿ ಕೂಸಿನೊಂದಿಗೆ ಕ್ವಾರ್ಟರ್ಸಿಗೆ ಬಂದಳು. ಪೂರಿಗಾಲಿಯವರಿಗೂ ಅಷ್ಟೇ ಗೊತ್ತು. ಯಾವತ್ತೂ ಯಾರೂ ಬಾಯಿ ಬಿಡಬಾರದು ಎಂದು ನಾಲ್ವರೂ ಒಪ್ಪಿಕೊಂಡೆವು. ಮರೆತಿದ್ದೆ ಅಂದರೆ ಸುಳ್ಳಾಗುತ್ತದೆ. ನೆನಪಿಟ್ಟುಕೊಳ್ಳುವ ವಿಷಯವಾಗಿ ಅದು ಉಳಿದೇ ಇರಲಿಲ್ಲ. ಅವನು ನನ್ನ ಹೆಗಲ ಮೇಲೆ ಕೂತವನು, ನನ್ನ ಹಾಗೆ ನಡೆದವನು. ಕೋರ್ಟಿನಲ್ಲಿ ನನ್ನದೂ ಅವನದೂ ಒಂದೇ ರಕ್ತ ಎಂದಾಗ ನನ್ನ ನಾಲಿಗೆ ತೊದಲಲಿಲ್ಲ. ಯಾಕೆ ತೊದಲಬೇಕು?

"ಅವತ್ತೇ ಯಾಕ್ ಬಾಯಿ ಬಿಡ್ಲಿಲ್ಲ ನೀನು?" ಅಂದೆ.

"ಎಲ್ಡ್ ಸಲ ಬಾಯ್ ಬುಟ್ಟೆ. ಎಲ್ಡ್ ಸಲಾನೂ ನೀವ್ ಕೇಳುಸ್ಕಳ್ನಿಲ್ಲ. ನೀವು ಅವ್ನ್ನ ನನ್ ರಕ್ತ ಅನ್ನಾದ ಕೇಳಿ ನಂಗೂ ಸಂತೋಸ ಆಯ್ತು ಕಣ್ರೀ. ಎಂಗ್ ತಾನೆ ಅಲ್ಲ ಅನ್ನಲಿ?"

ಮೀಟರು ಸರಿಯಾಗಿಯೇ ತೋರಿಸಿದೆ. ನಾನೇ ಅದನ್ನು ಬೇರೆ ಲೈನಿಗೆ ಜೋಡಿಸಿದ್ದೆ.

೧೬ ಆಗಸ್ಟ್

ಏನೂ ಬರೆಯಬೇಕೆನ್ನಿಸುವುದಿಲ್ಲ. ಸುಮ್ಮನಿದ್ದರೆ ಕೇಸು ಗೆದ್ದಂತೆಯೇ. ಯಾರಿಗೂ ತಿಳಿಯುವುದಿಲ್ಲ.

೧೯ ಆಗಸ್ಟ್

ಪಾರ್ಥಸಾರಥಿಯವರಿಗೆ ಹೇಳಿದೆ. ಬಾಗಿಲು ಹಾಕಿಸಿ ಕೇಳಿದರು. ಎಷ್ಟೋ ಹೊತ್ತು ಕನ್ನಡಕ ಒರೆಸಿದರು. "ನಿಮ್ಮ ಕೇಸನ್ನು ನೀವೇ ಸೋಲ್ತೀರಿ. ದತ್ತು ಅಂತ ಕಾಗದ ಪತ್ರ ಏನೂ ಇಲ್ಲ. ನಾಳೆ ನಿಮ್ಮ ದಾಯಾದಿಗಳು ಯತೀಶ್ ನಿಮ್ಮ ಮಗನೇ ಅಲ್ಲ ಅಂತಾರೆ. ಊರವರು ನಿಮ್ಮ ಹೆಂಡ್ತೀನ ಏನಂತಾರೆ ಅಂತ ಯೋಚನೆ ಮಾಡಿದೀರಾ?"

ಅದೇ ಯೋಚನೆಯಲ್ಲಿ ಬಸ್ಸಿನಲ್ಲಿ ಬಂದೆ. ಬಂಜೆ ಅನ್ನುವ ಮಾತು ಇವಳ ಕಿವಿಗೆ ಬೀಳಬಾರದೆಂದೇ ಅಲ್ಲವೆ ಇಷ್ಟು ವರ್ಷ ಎಲ್ಲರೂ ಬಾಯಿ ಕಟ್ಟಿಕೊಂಡಿದ್ದು. ಮನೆಗೆ ಬಂದು ಅವಳನ್ನೇ ಕೇಳಿದೆ. "ಅಂದ್ಕಳ್ಳಿ ಬುಡಿ. ನಂಗೆ ಈಗ ವಯಸ್ಸಾಯ್ತು. ಆ ಉಡ್ಗೀಗೆ ಇನ್ನೂ ಬದುಕು ಅದೆ. ಅವಳ್ನ ಏನಂತಾವ್ರೋ ಅದ ಯೋಚ್ನೆ ಮಾಡಿ" ಅಂದಳು.

೨೧ ಆಗಸ್ಟ್, ಬೆಸಗರಹಳ್ಳಿ

ಪುಟ್ಟಮಾದಯ್ಯ ಕಬ್ಬಿಗೆ ನೀರು ಕಟ್ಟುತ್ತಿದ್ದ. ಬದುವಿನ ಮೇಲೆ ಕೂತು ಎಲ್ಲ ಹೇಳಿದೆ. ಸಣ್ಣತಾಯಮ್ಮ ತಂದ ಬುತ್ತಿಯನ್ನು ಕೆಳಗಿಟ್ಟು ಅಲ್ಲೇ ಕೂತಳು.

"ಅವ್ನು ನಿಮ್ ಮಗ ಬಾವ. ಕೊಟ್ಮೇಲೆ ಕೊಟ್ಟಂಗೆ. ಈಗ ರಕ್ತ ಕೊಟ್ಟು ಅವ್ನ್ನ ವಾಪಸ್ ಈಸ್ಕಂಡಂಗಾಗಕಿಲ್ವಾ?" ಅಂದ ಪುಟ್ಟಮಾದಯ್ಯ. ಅವನ ಹೆದರಿಕೆ ಅದು ಎಂದು ನನಗೆ ಗೊತ್ತೇ ಇರಲಿಲ್ಲ. ನಾನು ಹೆದರಿದ್ದೂ ಅದಕ್ಕೇ, ಈಗ ಬರೆಯುವಾಗ ಅನ್ನಿಸುತ್ತಿದೆ.

"ಯತೀಸ ಯಾರ್ ಮಗ ಅಂತ ನಾವ್ ಜಗಳ ಆಡಾದ್ ಬ್ಯಾಡ ಕಣ್ಲಾ. ಆ ಮಗ ಯತೀಸಂದಾ ಅನ್ನಾದ ತಿಳ್ಕಳಾನ. ನೀನ್ ಕೊಡದಿದ್ರೆ ಅವ್ನ್ ಮಣ್ಣ ಅಗೀತಾರೆ" ಅಂದೆ.

ಸಣ್ಣತಾಯಮ್ಮ ಸೆರಗಿನಿಂದ ಮುಖ ಒರೆಸಿಕೊಂಡು, "ಆ ಮಗ ಎಂಗದೆ ಬಾವ ನೋಡಕ್ಕೆ?" ಅಂದಳು. ಹೇಳತೊಡಗಿದೆ. ಕಿವಿಯಿಂದ ಶುರುಮಾಡಿ ಗಿರಗಿಟ್ಲೆಯ ಕರೆಂಟಿನವರೆಗೆ ಹೇಳಿದೆ. ಪುಟ್ಟಮಾದಯ್ಯ ಗುದ್ದಲಿ ಊರಿಕೊಂಡು ಪೂರ್ತಿ ಕೇಳಿದ. ಕೊನೆಗೆ, "ಯಾವತ್ತು ಬರ್ಬೇಕು ಯೋಳಿ" ಅಂದ.

೪ ಸೆಪ್ಟೆಂಬರ್, ಮಳವಳ್ಳಿ

ಪ್ರಯೋಗಾಲಯದ ವಿಜ್ಞಾನಿ ಪ್ರಿಯಂವದಾ ಎಂಬುವರು ಸಾಕ್ಷಿ ಹೇಳಿದರು. ಮಧ್ಯವಯಸ್ಸು, ತೂಕದ ಮಾತು. ಲಕೋಟೆಯ ಮುದ್ರೆ ಹೇಗಿತ್ತು, ಎಷ್ಟು ಸಲ ಪರೀಕ್ಷೆ ಮಾಡಿದರು, ಎಲ್ಲ ಹೇಳಿದರು. ಅಪ್ಪುವನ್ನು ಕರೆತಂದಿರಲಿಲ್ಲ. ಶ್ವೇತ ಮೂಲೆಯಲ್ಲಿ ಒಬ್ಬಳೇ, ತಲೆ ತಗ್ಗಿಸಿ ಕೂತಿದ್ದಳು. ಅವಳ ಹಿಂದಿನ ಬೆಂಚಿನವರು ಏನೋ ಹೇಳಿ ನಕ್ಕರು. ನನಗೆ ಎದ್ದು ಹೋಗಿ ಅವರ ಕಪಾಳಕ್ಕೆ ಬಿಡಬೇಕು ಅನ್ನಿಸಿತು.

ನಯನ ಕೇಳಿದಳು, "ನಿಮ್ಮ ವರದಿ ಪ್ರಕಾರ ಈ ಮಗು ಯತೀಶ್ ಅವರ ಮಗ ಅಲ್ಲ ಅಂತಲೇ?"

"ಹಾಗೆ ನಾನು ಹೇಳಿಲ್ಲ" ಅಂದರು ಪ್ರಿಯಂವದಾ. "ಯತೀಶ್ ಅವರ ಮಾದರಿ ನನ್ನ ಮುಂದೆ ಬಂದೇ ಇಲ್ಲ. ಈ ಮಗು ಹೊನ್ನಯ್ಯನವರ ಗಂಡು ಸಂತತಿಯ ಸಾಲಿಗೆ ಸೇರಿಲ್ಲ, ನನ್ನ ವರದಿ ಹೇಳೋದು ಅಷ್ಟು ಮಾತ್ರ. ಅಲ್ಲಿಂದ ಮುಂದಕ್ಕೆ ಹೋಗಬೇಕಾದರೆ ಯತೀಶ್ ಅವರು ಹೊನ್ನಯ್ಯನವರಿಗೆ ಹುಟ್ಟಿದ ಮಗ ಅಂತ ಒಪ್ಪಿಕೊಂಡು ಹೋಗಬೇಕು. ಅದನ್ನ ನನಗೆ ಹೇಳಿದ್ದಾರೆ. ನಾನು ಪರೀಕ್ಷೆ ಮಾಡಿಲ್ಲ."

ನಾನು ಎದ್ದು ನಿಂತೆ. ಈ ಸಲ ಪಾರ್ಥಸಾರಥಿ ಅಂಗಿ ಜಗ್ಗಲಿಲ್ಲ.

"ಸ್ವಾಮಿ, ಮಾತಾಡ್ಬೇಕು" ಅಂದೆ. ಪ್ರಮಾಣ ಮಾಡಿಸಿ ಕಟಕಟೆಯಲ್ಲಿ ನಿಲ್ಲಿಸಿದರು. ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡೆ. "ಯತೀಸ ನನ್ನ ಮಗ. ಅದ್ರಲ್ಲಿ ಯಾರ್ದೂ ತಕರಾರು ಬ್ಯಾಡ. ಆದ್ರೆ ನಂಗ್ ಉಟ್ಟಿದ್ದಲ್ಲ. ನನ್ನ ನಾದ್ನಿ ಎತ್ತು ನನ್ ಎಂಡ್ತಿ ಮಡ್ಲಿಗ್ ಆಕಿದ್ಲು. ಅವತ್ತು ಒಂದೇ ರಕ್ತ ಅಂದೆ, ಅಂಗಂದ್ಕಂಡೇ ಅಂದೆ. ಆ ಉಡ್ಗಿ ಸುಳ್ಳುಗಾರ್ತಿ ಅಂತ ಯಾರೂ ಅನ್ಬಾರ್ದು."

ಜಡ್ಜ್ ಪೆನ್ನು ಕೆಳಗಿಟ್ಟರು. ಆಮೇಲೆ ಪುಟ್ಟಮಾದಯ್ಯ, ಸಣ್ಣತಾಯಮ್ಮ ಇಬ್ಬರ ಮಾದರಿಯನ್ನೂ ತೆಗೆದು ಮಗುವಿನದರೊಂದಿಗೆ ಹೋಲಿಸಿ ನೋಡುವಂತೆ ಆದೇಶ ಬರೆಸಿದರು. ಹೆತ್ತ ಅಪ್ಪ ಅಮ್ಮ ಇಬ್ಬರದೂ ಸಿಕ್ಕರೆ ಇನ್ನೂ ಗಟ್ಟಿಯಾಗಿ ಹೇಳಬಹುದು ಎಂದು ಪ್ರಿಯಂವದಾ ಹೇಳಿದರು.

ಹೊರಗೆ ಶ್ವೇತ ಬೇವಿನ ಮರದ ಕೆಳಗೆ ಕಾಯುತ್ತಿದ್ದಳು. "ಅವರಿಗೆ ಇದು ಗೊತ್ತಿತ್ತಾ?" ಎಂದು ಕೇಳಿದಳು.

"ಇಲ್ಲ ಕಣವ್ವ. ಗೊತ್ತಿದ್ದಿದ್ರೂ ನನ್ನೇ ಅಪ್ಪ ಅಂತಿದ್ದ."

"ಹೂಂ, ಅಂತಿದ್ರು. ರೂಮಲ್ಲಿ ಕೈ ಹಿಂದೆ ಕಟ್ಕೊಂಡು ನಡೆದು ತೋರಿಸೋರು, ಇದು ನಮ್ಮಪ್ಪನ ನಡಿಗೆ ಅಂತ. ಲಾಕ್‌ಡೌನ್ ಮುಗೀಲಿ, ಊರಿಗೆ ಕರ್ಕೊಂಡೋಗಿ ಎದುರಿಗೇ ನಿಲ್ಲಿಸ್ತೀನಿ, ನಮ್ಮಪ್ಪ ಒಂದು ಗಂಟೆ ಕೂಗಾಡ್ತಾರೆ, ಆಮೇಲೆ ಊಟಕ್ಕೆ ಹಾಕ್ತಾರೆ ಅನ್ನೋರು."

ಸಾಯುವ ಮುಂಚೆ ಅವನು ಫೋನಿನಲ್ಲಿ, "ಬಂದ್ಮೇಲೆ ಒಂದು ಮಾತು ಹೇಳೋದಿದೆ ಅಪ್ಪ" ಅಂದಿದ್ದ. ಆ ಮಾತು ಇದೇ. ನನಗೆ ಅಳು ತಡೆಯಲಾಗಲಿಲ್ಲ. ಕೋರ್ಟಿನ ಮುಂದೆ, ಜನರ ಎದುರಿಗೇ ಅತ್ತೆ. ಆ ಹುಡುಗಿ ನನ್ನ ಕೈ ಹಿಡಿದುಕೊಂಡಳು. ನಾನು ಬಿಡಿಸಿಕೊಳ್ಳಲಿಲ್ಲ.

೨ ಅಕ್ಟೋಬರ್

ಮಾರ್ಲಾಮಿ ಅಮಾವಾಸ್ಯೆ. ವರದಿ ಬರುವವರೆಗೆ ಕಾಯಿರಿ ಎಂದು ಪಾರ್ಥಸಾರಥಿ ಹೇಳಿದ್ದರು. ಹಿರಿಯರ ಹಬ್ಬ ಯಾವ ಪ್ರಯೋಗಾಲಯವನ್ನೂ ಕಾಯುವುದಿಲ್ಲ. ನಾನೇ ಮದ್ದೂರಿಗೆ ಹೋಗಿ ತಾಯಿ ಮಗ ಇಬ್ಬರನ್ನೂ ಕರೆತಂದೆ.

ಇಷ್ಟು ವರ್ಷ ಅಪ್ಪನಾದ ನಾನೇ ಮಗನಿಗೆ ಎಡೆ ಇಡುತ್ತಿದ್ದೆ. ಪ್ರತಿ ಸಲವೂ ಇದು ತಿರುಗುಮುರುಗಾಗಿದೆ ಎಂದು ಎದೆ ಹಿಂಡುತ್ತಿತ್ತು. ಈ ಸಲ ಅಪ್ಪುವಿನ ಕೈಗೆ ಎಲೆ ಕೊಟ್ಟೆ. ಕಜ್ಜಾಯ ಒಂದು ಅಪ್ಪನಿಗೆ, ಒಂದು ತನಗೆ ಎಂದು ಪಾಲು ಮಾಡಿ, ತನ್ನದನ್ನು ಅಲ್ಲೇ ತಿಂದ. ಚಿಕ್ಕಬೋರಮ್ಮ ನಕ್ಕಳು, ಅತ್ತಳು, ಮತ್ತೆ ನಕ್ಕಳು. ಶ್ವೇತ ಹೊಸ ಅಂಗಿಯೊಂದನ್ನು ತಾನೇ ಹೊಲಿದು ತಂದಿದ್ದಳು, ಎಡೆಯ ಮುಂದೆ ಇಟ್ಟಳು. ಅಳತೆ ಸರಿಯಾಗಿ ಯತೀಶನದೇ. ಇದಕ್ಕಿಂತ ಇನ್ನೇನು ಸಾಕ್ಷಿ ಬೇಕು ನನಗೆ?

೨೦ ನವೆಂಬರ್

ಹೊಂದಿದೆ. ಪುಟ್ಟಮಾದಯ್ಯನ ವೈ ಎಳೆ ಅಪ್ಪುವಿನಲ್ಲಿ ಹಾಗೆಯೇ ಇದೆ. ಉಳಿದ ಎಳೆಗಳೂ ಇಬ್ಬರೊಂದಿಗೂ ಹೊಂದುತ್ತವೆ. ಫೋಟೊವನ್ನೂ ವರದಿಯನ್ನೂ ನಮ್ಮೆಲ್ಲರ ಹೇಳಿಕೆಯನ್ನೂ ಒಟ್ಟಿಗೆ ಓದಿ, ಅಪ್ಪು ಯತೀಶನ ಮಗನೆಂದು ಜಡ್ಜ್ ಹೇಳಿದರು. ನಾನು ಸೋತೆ. ಪಾರ್ಥಸಾರಥಿ ನನ್ನ ಬೆನ್ನು ತಟ್ಟಿ, ಇಷ್ಟು ಖುಷಿಯಾಗಿ ಸೋತ ಕಕ್ಷಿದಾರನನ್ನು ಜೀವಮಾನದಲ್ಲಿ ಕಂಡಿಲ್ಲ ಅಂದರು.

ಸಣ್ಣತಾಯಮ್ಮ ಅಪ್ಪುವಿನ ಕಿವಿಯನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದಳು. ಇವಳನ್ನು ಏನೆಂದು ಕರೆಯಬೇಕು ಎಂದು ಅಪ್ಪು ಕೇಳಿದ. ಅಜ್ಜಿ ಅನ್ನು ಎಂದಳು ಚಿಕ್ಕಬೋರಮ್ಮ. ಮನೆಯಲ್ಲಿ ಅಜ್ಜಿ ಒಬ್ಬಳು ಇದ್ದಾಳಲ್ಲ ಅಂದ. ಇಬ್ಬರಿರಲಿ ಬಿಡು, ಮೂವರಿರಲಿ, ತಿಂಡಿ ಜಾಸ್ತಿ ಸಿಗುತ್ತದೆ ಅಂದೆ. ಒಪ್ಪಿಕೊಂಡ.

೨೪ ನವೆಂಬರ್, ಭಾನುವಾರ

ತಾಯಿ ಮಗ ಪೂರಿಗಾಲಿಗೆ ಬಂದಿದ್ದಾರೆ. ಬೆಳಿಗ್ಗೆ ಅಪ್ಪುವನ್ನು ಕರೆದುಕೊಂಡು ಗದ್ದೆಗೆ ಹೋದೆ. ಬದುವಿನ ಮೇಲೆ ನಾನು ಮುಂದೆ, ಅವನು ಹಿಂದೆ. ಯತೀಶನ ಮಣ್ಣಿನ ಹತ್ತಿರ ಸ್ವಲ್ಪ ನಿಂತೆವು. ಅಲ್ಲಿ ಗುದ್ದಲಿ ಬಿದ್ದಿಲ್ಲ, ಗರಿಕೆ ಹಸಿರಾಗಿ ಹಬ್ಬಿದೆ.

ಹಿಂದಿರುಗುವಾಗ ಆ ಕಡೆಯ ಗದ್ದೆಯಿಂದ ಕೆಂಪಸಿದ್ದಯ್ಯ ಕೂಗಿದ. "ಲೇ ಒನ್ನಯ್ಯ! ನಿನ್ ಇಂದೆ ನೋಡ್ಲಾ!"

ತಿರುಗಿ ನೋಡಿದೆ. ಅಪ್ಪು ಎರಡು ಪುಟ್ಟ ಕೈಗಳನ್ನೂ ಬೆನ್ನ ಹಿಂದೆ ಕಟ್ಟಿಕೊಂಡು, ತಲೆ ಮುಂದೆ ಹಾಕಿ, ಗಂಭೀರವಾಗಿ ಹೆಜ್ಜೆ ಹಾಕುತ್ತಿದ್ದ. ಯಾರೂ ಹೇಳಿಕೊಟ್ಟಿರಲಿಲ್ಲ.

"ಯತೀಸ್ನೇ ಕಣ್ಲಾ! ತಾತನ್ ನಡ್ಗೆ ಎಂಗ್ ಇಳ್ದದೆ ನೋಡು. ರಕ್ತ ಅಂದ್ರೆ ರಕ್ತ ಕಣ್ಲಾ..." ಎಂದವನು, ಕೋರ್ಟಿನಲ್ಲಿ ನಾನು ಹೇಳಿದ್ದು ಊರಿಗೆಲ್ಲ ಗೊತ್ತಿರುವುದು ಆಗ ನೆನಪಾಗಿರಬೇಕು, ಅಲ್ಲಿಗೇ ನಿಲ್ಲಿಸಿ ಸುಮ್ಮನೆ ಕೆಮ್ಮತೊಡಗಿದ.

"ಊಂ ಕಣ್ಲಾ, ರಕ್ತವೇ" ಎಂದು ನಾನೂ ಕೂಗಿದೆ. ಆಮೇಲೆ ಅಪ್ಪುವನ್ನು ಮುಂದಕ್ಕೆ ಬಿಟ್ಟು, ಕೈಯನ್ನು ಹಿಂದೆ ಕಟ್ಟಿಕೊಂಡು ಅವನ ಹಿಂದೆ ಮನೆಗೆ ನಡೆದೆ.